ಸ್ಲ್ಯಾಬ್ ಒಡೆಯುವ ಮುನ್ನ ಫ್ಯಾನ್ ಆರಿಸಿ

ನನ್ನ ಬಳಿ 1907ರ ಎಡ್ವರ್ಡ್ ದೊರೆಯ ಬೆಳ್ಳಿ ರೂಪಾಯಿ ಒಂದಿದೆ. ಹೆಚ್ಚು ಕೈ ಬದಲಾಗದೆ ಉಳಿದ ನಾಣ್ಯ, ಹೊಳಪು ಇನ್ನೂ ಮಾಸಿಲ್ಲ. ಆದರೆ ದೊರೆಯ ಕೆನ್ನೆಯ ಮೇಲೆ ಓರೆಯಾಗಿ ಒಂದು ಗೀರು. ಅದು ಟಂಕಸಾಲೆಯಲ್ಲಿ ಆದದ್ದಲ್ಲ, ಸಾಹುಕಾರನ ಥೈಲಿಯಲ್ಲಿ ಆದದ್ದೂ ಅಲ್ಲ. ನಾನೇ ಸುತ್ತಿಗೆ ಹಿಡಿದು ಸ್ಲ್ಯಾಬ್ ಒಡೆಯಲು ಹೋದ ದಿನ ಆದದ್ದು.

ಸ್ಲ್ಯಾಬ್ ಎಂದರೆ ದರ್ಜೆ ಕಟ್ಟಿದ ನಾಣ್ಯವನ್ನು ಮುಚ್ಚಿಟ್ಟ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಕಂಪನಿ ಪಿಸಿಜಿಎಸ್ 1986ರಲ್ಲಿ ಈ ಕೆಲಸ ಶುರುಮಾಡಿತು, ಮರುವರ್ಷ ಅಂಥದ್ದೇ ಇನ್ನೊಂದು ಕಂಪನಿ ಎನ್‌ಜಿಸಿ ಬಂತು. 1ರಿಂದ 70ರವರೆಗಿನ ಶೆಲ್ಡನ್ ಮಾಪಕದಲ್ಲಿ ನಾಣ್ಯಕ್ಕೆ ಅಂಕ ಕೊಟ್ಟು, ಅದನ್ನು ಕಾಗದದ ಪಟ್ಟಿಯ (ಲೇಬಲ್) ಮೇಲೆ ಬರೆದು, ಎರಡನ್ನೂ ಒಳಗಿಟ್ಟು ಮುಚ್ಚುತ್ತಾರೆ. ಬ್ರಿಟಿಷ್ ಇಂಡಿಯಾದ ರೂಪಾಯಿಗಳೂ ಮೈಸೂರಿನ ನಾಣ್ಯಗಳೂ ಈಗ ಇದೇ ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬರುತ್ತವೆ.

ಇದರಲ್ಲಿ ಅಂಟಿಲ್ಲ, ಸ್ಕ್ರೂ ಇಲ್ಲ. ಎರಡು ಹೋಳುಗಳನ್ನು ಅಲ್ಟ್ರಾಸಾನಿಕ್ ಕಂಪನದಿಂದ ಅಂಚಿನಲ್ಲೇ ಕರಗಿಸಿ ಬೆಸೆದಿರುತ್ತಾರೆ. ತೆರೆದರೆ ಗೊತ್ತಾಗಲೇಬೇಕು ಅನ್ನುವುದೇ ಅದರ ಉದ್ದೇಶ. ಹಾಗಾಗಿ ಒಡೆಯದೆ ಬಿಡಿಸುವ ದಾರಿ ಹುಡುಕಬೇಡಿ. ಎಲ್ಲಿ ಒಡೆಯಬೇಕು ಅನ್ನುವುದಷ್ಟೇ ಪ್ರಶ್ನೆ. ಬೆಸುಗೆ ಇರುವುದು ಅಂಚಿನಲ್ಲಿ, ನಾಣ್ಯ ಇರುವುದು ನಡುವಿನಲ್ಲಿ. ನಾನು ಸುತ್ತಿಗೆ ಹಾಕಿದ್ದು ನಡುವಿಗೆ.

ಮೊದಲು ಒಡೆಯಬೇಕೇ ಎಂದು ಕೇಳಿಕೊಳ್ಳಿ

ಒಡೆದ ಕ್ಷಣಕ್ಕೆ ಕಂಪನಿಯ ಖಾತರಿ ಮುಗಿಯಿತು. ಆಮೇಲೆ ನಿಮ್ಮ ಕೈಯಲ್ಲಿರುವುದು ಬರೀ ನಾಣ್ಯ, ಕೊಳ್ಳುವವನು ನಿಮ್ಮ ಮಾತು ನಂಬಬೇಕು. ಪೆಟ್ಟಿಗೆ ಗೀರುಬಿದ್ದು ಮಸುಕಾಗಿದೆ ಅನ್ನುವುದೊಂದೇ ಕಾರಣವಾದರೆ ಹೊಸ ಪೆಟ್ಟಿಗೆಗೆ ಬದಲಿಸಿಕೊಡುವ ಸೇವೆಯನ್ನು ಆ ಕಂಪನಿಗಳೇ ಕೊಡುತ್ತವೆ. ಒಂದು ಕಂಪನಿಯ ಸ್ಲ್ಯಾಬಿನಿಂದ ಇನ್ನೊಂದರದಕ್ಕೆ ಹೋಗಬೇಕೆಂದರೂ ಹಾಗೇ ಕಳಿಸಬಹುದು. ನೀವು ಬರೆದುಕೊಟ್ಟ ದರ್ಜೆ ಸಿಗದಿದ್ದರೆ ಒಡೆಯದೆ ಹಿಂತಿರುಗಿಸುತ್ತಾರೆ.

58 ಬಂದದ್ದು ಮರುಪರೀಕ್ಷೆಯಲ್ಲಿ 61 ಬರಬಹುದು ಎಂಬ ಆಸೆಯಿಂದ ಒಡೆಯುವವರೇ ಹೆಚ್ಚು. ನನ್ನ ಪ್ರಕಾರ ಅದು ಜೂಜು. 55 ಆಗಿ ಬಂದರೆ ಯಾರನ್ನೂ ಕೇಳುವಂತಿಲ್ಲ. ಆಲ್ಬಮ್‌ನಲ್ಲಿ ಸಾಲಾಗಿ ಜೋಡಿಸುವ ಆಸೆ, ಅಥವಾ ನಾಣ್ಯದ ಮೇಲೆ ಹಸಿರು ಜಿಡ್ಡು ಕಾಣಿಸಿಕೊಂಡಿದೆ ಅನ್ನುವ ಭಯ, ಇವಾದರೆ ಒಪ್ಪುವ ಕಾರಣಗಳು.

ಒಡೆಯುವ ಮುನ್ನ ಪಟ್ಟಿಯ ಮೇಲಿನ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ನಕಲಿ ಸ್ಲ್ಯಾಬ್‌ಗಳೂ ಓಡಾಡುತ್ತಿವೆ. ನಕಲಿ ಎಂದು ಅನುಮಾನ ಬಂದರೆ ಮುಟ್ಟಬೇಡಿ, ಮಾರಿದವನ ಜೊತೆ ಮಾತಾಡಲು ಅದೇ ಸಾಕ್ಷಿ. ಎರಡೂ ಬದಿಯ ಚಿತ್ರ ತೆಗೆದಿಡಿ.

ಸಿದ್ಧತೆ

ಊಟದ ಮೇಜಿಗೆ ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಮೇಜಿನ ಕೆಳಗೆ ನೆಲದ ಮೇಲೂ ಒಂದು ಕಂಬಳಿ ಇರಲಿ, ಮೊಸಾಯಿಕ್ ನೆಲಕ್ಕೆ ಬಿದ್ದ ಬೆಳ್ಳಿಯ ಅಂಚು ಜಜ್ಜುತ್ತದೆ. ಫ್ಯಾನ್ ಆರಿಸಿ, ಮಕ್ಕಳನ್ನು ಆಚೆ ಕಳಿಸಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಈ ಪ್ಲಾಸ್ಟಿಕ್ ಗಾಜಿನಂತೆಯೇ ಚೂಪಾಗಿ ಸಿಡಿಯುತ್ತದೆ. ಕೈ ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಹತ್ತಿಯ ಕೈಗವಸು ನನಗೆ ಒಗ್ಗದು, ಅದರಲ್ಲಿ ನಾಣ್ಯ ಜಾರುತ್ತದೆ.

ಬೇಕಾದ ಆಯುಧ ಎರಡೇ. ಬಡಗಿಗಳು ಮೊಳೆ ಕೀಳಲು ಬಳಸುತ್ತಾರಲ್ಲ, ಬಾಯಿ ಅಡ್ಡಕ್ಕೆ ಕಚ್ಚುವ ಇಕ್ಕಳ, ಅದು ಒಂದು. ಚಪ್ಪಟೆ ತುದಿಯ ಸ್ಕ್ರೂಡ್ರೈವರ್ ಇನ್ನೊಂದು. ಸ್ಲ್ಯಾಬನ್ನು ದಪ್ಪನೆಯ ಜಿಪ್‌ಲಾಕ್ ಚೀಲದಲ್ಲಿಟ್ಟು ಚೀಲದ ಮೇಲಿನಿಂದಲೇ ಕಚ್ಚಿದರೆ ಚೂರುಗಳು ಒಳಗೇ ಉಳಿಯುತ್ತವೆ, ಕೆಲಸವೂ ಕಣ್ಣಿಗೆ ಕಾಣುತ್ತದೆ. ಚೀಲ ಹರಿಯುತ್ತದೆ, ಹರಿದರೆ ಇನ್ನೊಂದು.

ಕಚ್ಚುವ ಬಗೆ

ಪಟ್ಟಿ ಇರುವ ತುದಿಯಿಂದಲೇ ಶುರುಮಾಡಿ. ಅಲ್ಲಿಂದ ನಾಣ್ಯ ದೂರ, ತಪ್ಪಿದರೂ ಹರಿಯುವುದು ಕಾಗದ. ಮೂಲೆಯನ್ನು ಇಕ್ಕಳದ ಬಾಯಿಗೆ ಕೊಡಿ, ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಬೇಡ. ನಿಧಾನವಾಗಿ ಒತ್ತುತ್ತ ಹೋದರೆ ಟಪ್ ಎಂದು ಬೆಸುಗೆ ಬಿಡುತ್ತದೆ. ಆ ಸದ್ದು ಒಮ್ಮೆ ಕೇಳಿದವರಿಗೆ ಮರೆಯದು. ಎದುರಿನ ಮೂಲೆಗೂ ಹಾಗೇ ಮಾಡಿ. ಆಮೇಲೆ ಮೇಲಂಚಿನ ಉದ್ದಕ್ಕೆ ಇಲಿ ರೊಟ್ಟಿ ಕಡಿದಂತೆ ಸಣ್ಣ ಸಣ್ಣ ಕಚ್ಚು. ದೊಡ್ಡ ತುಂಡಿಗೆ ಆಸೆಪಟ್ಟರೆ ಬಿರುಕು ನೇರವಾಗಿ ನಾಣ್ಯದ ಕಡೆಗೆ ಓಡುತ್ತದೆ.

ಅಂಚಿನಲ್ಲಿ ಸೀಳು ಕಂಡಿತೆಂದರೆ ಇಕ್ಕಳ ಕೆಳಗಿಡಿ. ಸ್ಕ್ರೂಡ್ರೈವರಿನ ತುದಿಯನ್ನು ಪಟ್ಟಿಯ ಕಡೆಯ ಸೀಳಿಗೆ ಸ್ವಲ್ಪವೇ ಹೊಗಿಸಿ, ಬೀಗದಲ್ಲಿ ಕೀಲಿ ತಿರುಗಿಸಿದಂತೆ ತಿರುಗಿಸಿ. ಒಳಕ್ಕೆ ತಳ್ಳಬೇಡಿ. ತಳ್ಳಿದ ಕೈ ಒಮ್ಮೆ ಜಾರಿದರೆ ತುದಿ ಹೋಗಿ ನಿಲ್ಲುವುದು ನಾಣ್ಯದ ಮೇಲೆಯೇ. ಎರಡು ಬದಿಯಲ್ಲೂ ತಿರುಗಿಸಿದ ಮೇಲೆ ಹೋಳುಗಳು ಪುಸ್ತಕದಂತೆ ಬಿಚ್ಚಿಕೊಳ್ಳುತ್ತವೆ.

ಒಳಗೆ ಎನ್‌ಜಿಸಿಯದಾದರೆ ಸಾಮಾನ್ಯವಾಗಿ ಬಿಳಿ ಒಳಚೌಕಟ್ಟು, ಪಿಸಿಜಿಎಸ್‌ನದಾದರೆ ಪಾರದರ್ಶಕ ಉಂಗುರ ನಾಣ್ಯವನ್ನು ಹಿಡಿದಿರುತ್ತದೆ. ಬೆರಳಿನಿಂದ ನಾಣ್ಯದ ಮುಖ ಒತ್ತಿ ಹೊರಹಾಕುವ ಚಪಲ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಚೌಕಟ್ಟನ್ನು ಟವೆಲ್ಲಿಗೆ ಒಂದು ಬೆರಳಿನಷ್ಟು ಎತ್ತರದಲ್ಲಿ ಹಿಡಿದು ತುಸು ಬಾಗಿಸಿದರೆ ನಾಣ್ಯ ತಾನಾಗಿ ಸಡಿಲಗೊಂಡು ಬೀಳುತ್ತದೆ. ಎತ್ತಿಕೊಳ್ಳುವಾಗ ಅಂಚನ್ನೇ ಹಿಡಿಯಿರಿ. ಎಡ್ವರ್ಡ್ ರೂಪಾಯಿ 11.66 ಗ್ರಾಂ, ಬೆರಳಿಗೆ ಸಿಗುತ್ತದೆ. ಅರ್ಧ ಗ್ರಾಂ ಕೂಡ ತೂಗದ ಕಂಠೀರವ ಹಣದಂಥ ಚಿನ್ನದ ಪುಡಿನಾಣ್ಯವಾದರೆ ಈ ಸಾಹಸವೇ ಬೇಡ. ಪುಟಿದರೆ ಇಡೀ ಮನೆ ಜರಡಿ ಹಿಡಿಯಬೇಕು.

ಹೊರಬಂದ ಮೇಲೆ

ನಾಣ್ಯದ ಮೇಲೆ ಪ್ಲಾಸ್ಟಿಕ್ ಪುಡಿ ಕೂತಿರುತ್ತದೆ. ಬಟ್ಟೆಯಿಂದ ಒರೆಸಿದಿರೋ, ಆ ಪುಡಿಯೇ ಉಜ್ಜುಕಾಗದ. ಬಾಯಿಂದ ಊದಿದರೆ ಉಗುಳಿನ ಹನಿ ಕಲೆಯಾಗುತ್ತದೆ. ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುರುಡೆ ಸಾಕು. ಬೆಳ್ಳಿಯ ಮೇಲೆ ಹಸಿರು ಜಿಡ್ಡಿದ್ದರೆ ಶುದ್ಧ ಅಸಿಟೋನನ್ನು ಗಾಜಿನ ಬಟ್ಟಲಲ್ಲಿ ಹಾಕಿ ಕೆಲವು ನಿಮಿಷ ಅದ್ದಿ, ತೆಗೆದು ಆರಲು ಬಿಡಿ, ಉಜ್ಜಬೇಡಿ. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುಗಂಧ, ಎಣ್ಣೆ ಎಲ್ಲ ಬೆರೆತಿರುತ್ತವೆ. ಅಸಿಟೋನ್ ತಟ್ಟನೆ ಹೊತ್ತಿಕೊಳ್ಳುವಂಥದ್ದು, ಒಲೆಯ ಹತ್ತಿರ ಬೇಡ, ಕಿಟಕಿ ತೆರೆದಿರಲಿ.

ನಾಣ್ಯದ ಹೊಸ ಮನೆಗೆ ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಕವರು ಅಥವಾ ಅಳತೆಗೆ ಸರಿಹೋಗುವ ಗಟ್ಟಿ ಕ್ಯಾಪ್ಸೂಲು ತಂದಿಟ್ಟುಕೊಂಡೇ ಕೆಲಸಕ್ಕೆ ಕೂಡಿ. ಹೊಸ ರೆಕ್ಸಿನ್‌ನಂತೆ ವಾಸನೆ ಹೊಡೆಯುವ ಮೆತ್ತನೆಯ ಪಿವಿಸಿ ಕವರು ಅಗ್ಗವೇನೋ ಹೌದು, ಆ ಹಸಿರು ಜಿಡ್ಡಿನ ಮೂಲವೂ ಅದೇ.

ಪಟ್ಟಿಯನ್ನು ಬಿಸಾಡಬೇಡಿ. ಒಂದೇ ನಾಣ್ಯ ಮೂರು ಸಲ ಪರೀಕ್ಷೆಗೆ ಹೋಗಿ ಬಂದರೆ ಕಂಪನಿಯ ಲೆಕ್ಕದಲ್ಲಿ ಮೂರು ನಾಣ್ಯ. ಪಟ್ಟಿ ವಾಪಸು ಕಳಿಸಿದರೆ ಲೆಕ್ಕದಿಂದ ತೆಗೆಯುತ್ತಾರೆ. ಇಲ್ಲವಾದರೆ ನಾಣ್ಯದ ಜೊತೆಗೇ ಇಡಿ, ಹಳೆಯ ಜಾತಕದಂತೆ ಇರಲಿ.

ನಂತರ ಟವೆಲ್ಲನ್ನು ಹೊರಗೆ ಕೊಡವಿ, ನೆಲ ಗುಡಿಸಿ, ಒದ್ದೆ ಬಟ್ಟೆ ಹಾಕಿ ಒರೆಸಿ. ಅಲ್ಲಿಯವರೆಗೆ ಚಪ್ಪಲಿ ಕಾಲಲ್ಲೇ ಇರಲಿ.