ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ: ಡ್ಯಾಂಟ್ರೋಲಿನ್ ಕಲಸುವುದು, ಕೊಡುವುದು

ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂದರೆ ಜೀನ್ ದೋಷವಿದ್ದವರಲ್ಲಿ ಕೆಲವು ಅರಿವಳಿಕೆ ಔಷಧಗಳು ಸ್ನಾಯುವನ್ನು ಹತೋಟಿ ತಪ್ಪಿಸುವ ಪ್ರಾಣಾಂತಕ ಸ್ಥಿತಿ. ರೋಗಿಯ ಮೈ ಕಾದ ಮೇಲೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಗುರುತಿಸಿದರೆ ತಡವಾಯಿತೆಂದೇ ಲೆಕ್ಕ. ಸಾಮಾನ್ಯವಾಗಿ ಮೊದಲು ಏರುವುದು ಎಂಡ್-ಟೈಡಲ್ ಕಾರ್ಬನ್ ಡೈಆಕ್ಸೈಡ್, ಅಂದರೆ ಬಿಟ್ಟ ಉಸಿರಿನ ಕೊನೆಯಲ್ಲಿ ಅಳೆಯುವ ಅನಿಲ. ವೆಂಟಿಲೇಟರ್ ಸೆಟ್ಟಿಂಗ್ ಮುಟ್ಟಿಲ್ಲ, ಆದರೂ 35 ಎಂಎಂ ಎಚ್‌ಜಿಯಲ್ಲಿದ್ದದ್ದು 55, 60 ಎಂದು ಏರುತ್ತಿದೆ, ನಾಡಿ ಓಡುತ್ತಿದೆ, ದವಡೆ ಬಿಗಿದಿದೆ, ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಡಬ್ಬಿ ಮುಟ್ಟಿದರೆ ಬಿಸಿ. ಬೇರೆ ಕಾರಣ ಕಾಣದಿದ್ದರೆ ಥರ್ಮಾಮೀಟರಿಗಾಗಿ ಕಾಯಬೇಡಿ.

ಒಳಗೆ ಆಗುತ್ತಿರುವುದಿಷ್ಟು. ಅಸ್ಥಿಸ್ನಾಯುವಿನಲ್ಲಿ ಕ್ಯಾಲ್ಸಿಯಂ ದಾಸ್ತಾನಿನ ಬಾಗಿಲು ರಯನೊಡಿನ್ ರಿಸೆಪ್ಟರ್ 1. ಕೋಶದ ಹೊರಪೊರೆಯ ಕ್ಯಾವ್ 1.1 ಚಾನಲ್ ವೋಲ್ಟೇಜ್ ಬದಲಾದಾಗ ಆಕಾರ ಬದಲಿಸಿ ಈ ಬಾಗಿಲನ್ನು ನೇರವಾಗಿ ಎಳೆದು ತೆಗೆಯುತ್ತದೆ. ಹೃದಯದಲ್ಲಿರುವಂತೆ ಹೊರಗಿನಿಂದ ಕ್ಯಾಲ್ಸಿಯಂ ಒಳಬರಬೇಕಾಗಿಲ್ಲ. ವಿಶ್ರಾಂತಿಯಲ್ಲಿ ಬಾಗಿಲನ್ನು ಮುಚ್ಚಿಡುವುದರಲ್ಲಿ ಮೆಗ್ನೀಸಿಯಂ ಪಾತ್ರ ದೊಡ್ಡದು. ಜೀನ್ ದೋಷವಿದ್ದವರಲ್ಲಿ ಈ ಹಿಡಿತ ಸಡಿಲ. ಹ್ಯಾಲೊಥೇನ್, ಐಸೊಫ್ಲೂರೇನ್, ಸೆವೊಫ್ಲೂರೇನ್, ಡೆಸ್‌ಫ್ಲೂರೇನ್ ಎಂಬ ಅರಿವಳಿಕೆ ಅನಿಲಗಳು, ಅಥವಾ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ತಗುಲಿದರೆ ಕ್ಯಾಲ್ಸಿಯಂ ಸುರಿಯುತ್ತಲೇ ಇರುತ್ತದೆ. ಅದನ್ನು ವಾಪಸ್ ಪಂಪ್ ಮಾಡಲು ಸ್ನಾಯು ಎಟಿಪಿ (ಕೋಶದ ಇಂಧನ) ಸುಡುತ್ತದೆ: ಕಾರ್ಬನ್ ಡೈಆಕ್ಸೈಡ್, ಆಮ್ಲ, ಶಾಖ ಎಲ್ಲವೂ ಅದರಿಂದಲೇ. ಎಟಿಪಿ ಮುಗಿದರೆ ಕೋಶ ಒಡೆದು ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ.

ಹಾಗಾಗಿ ಮೊದಲ ಕೆಲಸ ಅರಿವಳಿಕೆ ಅನಿಲ ಬಿಡುವ ವೇಪರೈಸರ್ ಬಂದ್ ಮಾಡುವುದು. ಮಷಿನ್ ಬದಲಿಸುತ್ತ ಕೂರಬೇಡಿ. 100% ಆಕ್ಸಿಜನ್ ನಿಮಿಷಕ್ಕೆ 10 ಲೀಟರಿಗೂ ಹೆಚ್ಚು ಬಿಡಿ, ಉಸಿರಾಟದ ವೇಗ ಏರಿಸಿ. ಇದ್ದಿಲು ಫಿಲ್ಟರ್ ಇದ್ದರೆ ಉಸಿರು ಒಳಹೋಗುವ, ಹೊರಬರುವ ಎರಡೂ ಟ್ಯೂಬಿಗೆ ಹಾಕಿ. ಅರಿವಳಿಕೆಯನ್ನು ಪ್ರೊಪೊಫಾಲ್ ಮೇಲೆ ಮುಂದುವರಿಸಿ, ಬೇಗ ಮುಗಿಸಲು ಸರ್ಜನ್‌ಗೆ ಹೇಳಿ.

ಕೈ ಹೆಚ್ಚು ಬೇಕಾಗುವುದು ಡ್ಯಾಂಟ್ರೋಲಿನ್‌ಗೆ. ಇದು ರಿಸೆಪ್ಟರ್‌ನ ಸೋರಿಕೆಯನ್ನೇ ತಗ್ಗಿಸುವ ಔಷಧ. ಮೊದಲ ಡೋಸ್ ಕೆಜಿಗೆ 2.5 ಮಿಗ್ರಾಂ. ಹಳೆಯ ಮಾದರಿಯ ವಯಲ್‌ನಲ್ಲಿ ಇರುವುದು 20 ಮಿಗ್ರಾಂ ಮಾತ್ರ, ಅದಕ್ಕೆ 60 ಮಿಲೀ ಸ್ಟೆರೈಲ್ ವಾಟರ್. ಅಂದರೆ 70 ಕೆಜಿಯವರಿಗೆ 175 ಮಿಗ್ರಾಂ, 9 ವಯಲ್, ಅರ್ಧ ಲೀಟರಿಗೂ ಹೆಚ್ಚು ನೀರು. ಒಬ್ಬರಿಂದ ಆಗದು, ಇಬ್ಬರು ಮೂವರನ್ನು ಇದಕ್ಕೇ ನಿಲ್ಲಿಸಿ. ಸಲೈನ್, ಡೆಕ್ಸ್‌ಟ್ರೋಸ್ ಬೇಡ, ಅವುಗಳಲ್ಲಿ ಔಷಧ ಗಸಿಯಾಗಿ ಕೂರುತ್ತದೆ. ಹಳದಿ-ಕಿತ್ತಳೆ ದ್ರಾವಣ ತಿಳಿಯಾಗುವವರೆಗೂ ಜೋರಾಗಿ ಕುಲುಕಿ. ನೀರು ತುಸು ಬೆಚ್ಚಗಿದ್ದರೆ (39 ಡಿಗ್ರಿ ಮೀರದಂತೆ) ಬೇಗ ಕರಗುತ್ತದೆ. ಉಳಿದ ಸ್ಟೆರೈಲ್ ವಾಟರ್ ಬ್ಯಾಗನ್ನು ಡ್ರಿಪ್ ಸ್ಟ್ಯಾಂಡ್ ಹತ್ತಿರ ಬಿಡಲೇಬೇಡಿ: ಗಡಿಬಿಡಿಯಲ್ಲಿ ಸಲೈನ್ ಎಂದು ಏರಿಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ದ್ರಾವಣದ ಪಿಎಚ್ ಸುಮಾರು 9.5, ಸಣ್ಣ ರಕ್ತನಾಳ (ವೇನ್) ಊದಿಕೊಳ್ಳುತ್ತದೆ. ದೊಡ್ಡ ವೇನ್‌ಗೇ ಕೊಡಿ. ಪ್ರತಿ ವಯಲ್‌ನಲ್ಲಿ 3 ಗ್ರಾಂ ಮ್ಯಾನಿಟಾಲ್ ಸೇರಿಯೇ ಇರುತ್ತದೆ, ಬೇರೆ ಕೊಡುವ ಮುನ್ನ ಲೆಕ್ಕ ಹಾಕಿ. ಕಾರ್ಬನ್ ಡೈಆಕ್ಸೈಡ್ ಇಳಿದು ಸ್ನಾಯು ಸಡಿಲವಾಗುವವರೆಗೂ ಡೋಸ್ ಪುನರಾವರ್ತಿಸಿ. 10 ಮಿಗ್ರಾಂ/ಕೆಜಿ ದಾಟಿದರೂ ಜಗ್ಗದಿದ್ದರೆ ರೋಗನಿರ್ಣಯವನ್ನೇ ಮತ್ತೊಮ್ಮೆ ನೋಡಿ.

ಕ್ಯಾಲ್ಸಿಯಂ ಚಾನಲ್ ತೊಂದರೆಯಲ್ಲವೇ, ಆ ಚಾನಲ್ ತಡೆಯುವ ವೆರಪಮಿಲ್ ಕೊಟ್ಟರಾಯಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊಡಬೇಡಿ. ಡಿಲ್ಟಿಯಾಜೆಮ್ ಕೂಡ ಬೇಡ. ಅವು ತಡೆಯುವುದು ಹೊರಗಿನಿಂದ ಬರುವ ಕ್ಯಾಲ್ಸಿಯಂ, ಇಲ್ಲಿ ಸೋರುವುದು ಒಳಗಿನ ದಾಸ್ತಾನು. ಡ್ಯಾಂಟ್ರೋಲಿನ್ ಜೊತೆ ಸೇರಿದರೆ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಉಲ್ಟಾ, ಪೊಟ್ಯಾಸಿಯಂ ಏರಿ ಇಸಿಜಿ ಕೆಟ್ಟರೆ ಕ್ಯಾಲ್ಸಿಯಂ ಕ್ಲೋರೈಡ್ 10 ಮಿಗ್ರಾಂ/ಕೆಜಿ ಕೊಡಲು ಹಿಂಜರಿಯಬೇಕಿಲ್ಲ. ಪೊಟ್ಯಾಸಿಯಂ ಇಳಿಸಲು ವಯಸ್ಕರಿಗೆ 10 ಯೂನಿಟ್ ಇನ್ಸುಲಿನ್, 50 ಮಿಲೀ 50% ಡೆಕ್ಸ್‌ಟ್ರೋಸ್ ಜೊತೆಗೆ.

ಮೈ ಬಿಸಿ 39 ಡಿಗ್ರಿ ದಾಟಿದರೆ ತಣ್ಣನೆಯ ಸಲೈನ್, ಐಸ್ ಪ್ಯಾಕ್. 38ಕ್ಕೆ ಬಂದಾಗ ನಿಲ್ಲಿಸಿ, ಇಲ್ಲದಿದ್ದರೆ ಮೈ ಅತಿಯಾಗಿ ತಣಿಯುತ್ತದೆ. ಮೂತ್ರ ಕಂದಾದರೆ ಅದು ಒಡೆದ ಸ್ನಾಯುವಿನ ಮಯೊಗ್ಲೋಬಿನ್ ಪ್ರೋಟೀನ್. ಮೂತ್ರ ಗಂಟೆಗೆ 1 ಮಿಲೀ/ಕೆಜಿಗಿಂತ ಹೆಚ್ಚು ಹರಿಯುವಂತೆ ದ್ರವ ಕೊಡಿ.

ಐಸಿಯುನಲ್ಲಿ ಕನಿಷ್ಠ 24 ಗಂಟೆ, 4ರಿಂದ 6 ಗಂಟೆಗೊಮ್ಮೆ ಡ್ಯಾಂಟ್ರೋಲಿನ್ 1 ಮಿಗ್ರಾಂ/ಕೆಜಿ. ಸ್ನಾಯು ಹಾನಿ ತೋರಿಸುವ ಸಿಕೆ (ಕ್ರಿಯಾಟಿನ್ ಕೈನೇಸ್) ನೋಡುತ್ತಿರಿ, ಮರುಕಳಿಸುವುದುಂಟು. ನಮ್ಮಲ್ಲಿ ಈ ಔಷಧ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಹತ್ತಿರ ಎಲ್ಲಿದೆ, ರಾತ್ರಿ ಯಾರು ಕೊಡುತ್ತಾರೆ ಎಂಬುದನ್ನು ಥಿಯೇಟರ್ ಗೋಡೆಯ ಮೇಲೆ ಮೊದಲೇ ಬರೆದಿಡಿ. ಡಿಸ್ಚಾರ್ಜ್ ಚೀಟಿಯಲ್ಲಿ ರೋಗದ ಹೆಸರು, ನಿಷಿದ್ಧ ಔಷಧಗಳು ಸ್ಪಷ್ಟವಾಗಿರಲಿ. ರೋಗಿಯ ಪ್ರತಿ ಮಗುವಿಗೂ ಈ ಜೀನ್ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಿಂದೆ ಆಪರೇಷನ್ ಸಲೀಸಾಗಿ ಆಗಿತ್ತು ಎಂಬ ಮಾತನ್ನು ನಂಬಿ ಮನೆಯವರನ್ನು ಬಿಟ್ಟುಬಿಡಬೇಡಿ. ಹಲವು ಬಾರಿ ಏನೂ ಆಗದೆ ಆಮೇಲೆ ಕಾಣಿಸಿಕೊಂಡ ಪ್ರಕರಣಗಳು ಬೇಕಾದಷ್ಟಿವೆ.