ರಜೆ ಚೀಟಿಯ ‘ಸಿನ್ಸ್ ಟೂ ಡೇಸ್’ ತಿದ್ದುವುದು ಹೇಗೆ?

‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್.’ ಮೈಸೂರು, ಮಂಡ್ಯದ ಕಡೆ ಶಾಲೆಗೋ ಆಫೀಸಿಗೋ ಬರೆಯುವ ರಜೆ ಚೀಟಿಯಲ್ಲಿ ಈ ಸಾಲು ತೀರಾ ಮಾಮೂಲು. ತಪ್ಪು ಎರಡು ಕಡೆ ಇದೆ. ಎರಡೂ ಬಂದಿರುವುದು ‘ಎರಡು ದಿನದಿಂದ ಜ್ವರ ಇದೆ’ ಅನ್ನುವ ನಮ್ಮ ಮಾತಿನಿಂದಲೇ.

ಕನ್ನಡದಲ್ಲಿ ‘ಸೋಮವಾರದಿಂದ’, ‘ಎರಡು ದಿನದಿಂದ’ ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ಹೊತ್ತನ್ನು ಹೇಳುವಾಗ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2019. ಎಷ್ಟು ಕಾಲ ಆಯಿತು ಅನ್ನುವುದಕ್ಕೆ ಫಾರ್: ಫಾರ್ ಟೂ ಡೇಸ್, ಫಾರ್ ಎ ಲಾಂಗ್ ಟೈಮ್. ಅನುಮಾನ ಬಂದರೆ, ಆ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದೇ ನೋಡಿ. ತೋರಿಸಬಹುದಾದರೆ ಸಿನ್ಸ್. ಹೆಚ್ಚು ಜನ ಎಡವುವುದು ‘ಲಾಸ್ಟ್’ ಜೊತೆ ಸೇರಿದಾಗ: ‘ಸಿನ್ಸ್ ಲಾಸ್ಟ್ ವೀಕ್’ ಸರಿ, ‘ಸಿನ್ಸ್ ಲಾಸ್ಟ್ ಟೂ ವೀಕ್ಸ್’ ತಪ್ಪು. ಅಲ್ಲಿ ‘ಫಾರ್ ದ ಲಾಸ್ಟ್ ಟೂ ವೀಕ್ಸ್’ ಬೇಕು.

ಎರಡನೆಯ ತಪ್ಪು ಕ್ರಿಯಾಪದದ್ದು, ಇದನ್ನು ತಿದ್ದುವವರು ಕಡಿಮೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದು ಯಾವಾಗಿನಿಂದ, ಎಷ್ಟು ಕಾಲದಿಂದ ಎಂದು ಹೇಳುವಾಗ ಆ್ಯಮ್, ಈಸ್, ಆರ್ ಹೊಂದುವುದಿಲ್ಲ. ಹ್ಯಾವ್ ಅಥವಾ ಹ್ಯಾಸ್ ಬರಲೇಬೇಕು. ಮಂಡ್ಯ 1939ರಲ್ಲಿ ಜಿಲ್ಲೆಯಾಯಿತು, ಇಂದಿಗೂ ಜಿಲ್ಲೆ. ಆದ್ದರಿಂದ ‘ಮಂಡ್ಯ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1939’. ಹಾಗೆಯೇ ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಮೈಸೂರು ಫಾರ್ ಟೆನ್ ಇಯರ್ಸ್’. ಜ್ವರದ ಸಾಲು ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್’ ಆಗುತ್ತದೆ. ಆದರೆ ಪರಿಚಯ ಹೇಳುವ ‘ನೋ’ (know) ಕ್ರಿಯಾಪದಕ್ಕೆ ‘ಇಂಗ್’ ಅಂಟಿಸಬೇಡಿ: ‘ಐ ಹ್ಯಾವ್ ನೋನ್ ಹಿಮ್ ಫಾರ್ ಫೈವ್ ಇಯರ್ಸ್’.

ಮುಂದಿನ ಸೋಮವಾರದಿಂದ ರಜೆ ಬೇಕಿದ್ದರೆ ‘ಫ್ರಮ್ ಮಂಡೇ’ ಅನ್ನಿ. ಇನ್ನೂ ಬಾರದ ದಿನಕ್ಕೆ ಸಿನ್ಸ್ ಸಲ್ಲದು.

ಕೆಲಸದ ಇಂಟರ್‌ವ್ಯೂನಲ್ಲಿ ಇದರ ಪೆಟ್ಟು ಜೋರು. ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಅಂದರೆ ಕೇಳುವವರು ನೀವು ಆ ಕೆಲಸ ಬಿಟ್ಟಿದ್ದೀರಿ ಎಂದೇ ತಿಳಿಯುತ್ತಾರೆ. ಇನ್ನೂ ಅಲ್ಲೇ ಇದ್ದರೆ ‘ಐ ಹ್ಯಾವ್ ಬೀನ್ ವರ್ಕಿಂಗ್ ದೇರ್ ಫಾರ್ ತ್ರೀ ಇಯರ್ಸ್’ ಎಂದೇ ಹೇಳಿ. ಎದುರಿನವರನ್ನು ಕೇಳುವಾಗಲೂ ‘ಸಿನ್ಸ್ ಹೌ ಮೆನಿ ಇಯರ್ಸ್’ ಬೇಡ, ‘ಹೌ ಲಾಂಗ್ ಹ್ಯಾವ್ ಯೂ ಬೀನ್ ವರ್ಕಿಂಗ್ ಹಿಯರ್?’ ಅನ್ನಿ.