ತೋಟದಲ್ಲಿ ಸಿಕ್ಕ ಗುಂಡು ಯಾವ ಕಾಲದ್ದು? ಮೊದಲು ತೂಕ ಹಾಕಿ

ನಮ್ಮ ದ್ರಾಕ್ಷಿ ತೋಟ ನಂದಿ ಬೆಟ್ಟದ ಬುಡದಲ್ಲಿದೆ. ಜೋರು ಮಳೆ ಬಂದ ಮಾರನೇ ದಿನ ಸಾಲುಗಳ ಮಧ್ಯೆ ನಡೆದರೆ ಏನಾದರೊಂದು ಕಣ್ಣಿಗೆ ಬೀಳುತ್ತದೆ. ಹೆಚ್ಚಾಗಿ ಬಾಟಲಿ ಮುಚ್ಚಳ. ಒಮ್ಮೆ ಸೀಸದ ಮುದ್ದೆ ಸಿಕ್ಕಿತು. ಒಂದು ಕಡೆ ಚಪ್ಪಟೆ, ಮೈಯೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ನೋಡಿದವರೆಲ್ಲ "ಟಿಪ್ಪು ಕಾಲದ್ದು" ಅಂದರು. ನಮ್ಮ ಕಡೆ ಗುಂಡಗಿರೋದೆಲ್ಲ ಟಿಪ್ಪು ಕಾಲದ್ದೇ, ಅಲ್ವಾ!

ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಸೀಸವಲ್ಲ, ಯಾವುದೋ ಬೇರಿಂಗ್ ಗುಂಡು ಇರಬಹುದು. ನಡುವೆ ತೂತಿದ್ದರೆ ಮೀನಿನ ಬಲೆಯ ಸೀಸ.

ಆಮೇಲೆ ತೂಕ. ಬಂಡೆಗೆ ಬಡಿದ ಗುಂಡಿನ ಅಗಲ ಅಳೆದು ಪ್ರಯೋಜನವಿಲ್ಲ. ಆದರೆ ಆಕಾರ ಕೆಟ್ಟರೂ ತೂಕ ಎಲ್ಲಿಗೆ ಹೋಗುತ್ತೆ? ಚಿಕ್ಕಬಳ್ಳಾಪುರದ ಅಕ್ಕಸಾಲಿಯೊಬ್ಬರು "ಇದೇನು ಚಿನ್ನಾನಾ?" ಅಂತ ನಗುತ್ತಲೇ ತಕ್ಕಡಿಗೆ ಇಟ್ಟರು. 31 ಗ್ರಾಂ. ಬ್ರಿಟಿಷರ ಬ್ರೌನ್ ಬೆಸ್ ಅನ್ನೋ ಮಸ್ಕೆಟ್ಟಿನ (ಆ ಕಾಲದ ಉದ್ದ ನಳಿಗೆಯ ಬಂದೂಕು) ಗುಂಡು ಸುಮಾರು 17.5 ಮಿ.ಮೀ., ತೂಕ 31-32 ಗ್ರಾಂ. ಫ್ರೆಂಚರದ್ದು ಚಿಕ್ಕದು, 16 ಮಿ.ಮೀ. ಆಸುಪಾಸು, 25 ಗ್ರಾಂ ಹತ್ತಿರ. ಟಿಪ್ಪು ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ನಂದಿದುರ್ಗಕ್ಕೆ, ಅಂದರೆ ಈ ಬೆಟ್ಟದ ಕೋಟೆಗೆ, ಲಗ್ಗೆ ಹಾಕಿದ್ದು 1791ರ ಅಕ್ಟೋಬರ್‌ನಲ್ಲಿ. ನನ್ನ ಮುದ್ದೆ ಲೆಕ್ಕಕ್ಕೆ ಕೂತಿತು. ಆದರೂ ಅದೇ ಗುಂಡು ಅಂತ ಆಣೆ ಮಾಡಲಾರೆ. ಆ ಬಂದೂಕು ಆಮೇಲೂ ಎಷ್ಟೋ ದಶಕ ಬಳಕೆಯಲ್ಲಿತ್ತು. ಸಾಲದ್ದಕ್ಕೆ, ಹಂದಿ ಹೊಡೆಯೋಕೆ ನಾಡಬಂದೂಕಿಗೆ ಮನೆಯಲ್ಲೇ ಗುಂಡು ಎರಕ ಹೊಯ್ಯುತ್ತಿದ್ದವರೂ ಇದ್ದರು. ಅವು ಒಂದೊಂದೂ ಒಂದೊಂದು ಅಳತೆ.

ಗುಂಡು ಉದ್ದಕ್ಕಿದ್ದರೆ ಕೆಲಸ ಸುಲಭ. ತಳದಲ್ಲಿ ಬಟ್ಟಲಿನಂಥ ಗುಳಿ, ಅಗಲ 14 ಮಿ.ಮೀ. ದಾಟಿದ್ದರೆ 1853ರ ಎನ್‌ಫೀಲ್ಡ್ ರೈಫಲ್ಲಿನ ಥರದ್ದು. ಟಿಪ್ಪು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲಿನದು. ಸೀಸದ ಮೇಲೆ ಗಟ್ಟಿ ಲೋಹದ ಹೊದಿಕೆ, ಅಗಲ 8 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ 1888ರ ಈಚಿನ ರೈಫಲ್ಲಿನದು. ಖಾಲಿ ಹಿತ್ತಾಳೆ ತೋಟಾ (ಕಾರ್ಟ್ರಿಜ್) ಸಿಕ್ಕರೆ ತಳ ಓದಿ. ಎಷ್ಟೋ ಸಲ ಇಸವಿಯ ಕೊನೆಯ ಎರಡು ಅಂಕಿ ಅಲ್ಲೇ ಇರುತ್ತವೆ. ಗುಂಡು ಕೂತಿರುವ ಇಡೀ ತೋಟಾ ಆದರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ. ಎಷ್ಟು ಹಳೆಯದಾದರೂ ಸಿಡಿಯಬಹುದು, ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳೋದೂ ಅಪರಾಧ. ಸಂರಕ್ಷಿತ ಕೋಟೆ, ಗುಡಿಗಳ ಹತ್ತಿರವಂತೂ ಅಗೆಯಲೇಬೇಡಿ.

ಇನ್ನು ತೊಳೆಯೋ ವಿಷಯ. ತಂಬಿಗೆ ಉಜ್ಜಿದ ಹಾಗೆ ನನ್ನ ಅಳಿಯ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟ. ಬಿಳಿ ಪದರವೆಲ್ಲ ಹೋಯಿತು. ಅದರ ಜೊತೆಗೆ, ಅಂಚಿನಲ್ಲಿ ಸಣ್ಣಗೆ ಕಾಣುತ್ತಿದ್ದ ಎರಕದ ಅಚ್ಚಿನ ಗೆರೆಯೂ ಹೋಯಿತು. ಬರೀ ನೀರು, ಮೆತ್ತನೆ ಬ್ರಷ್ ಸಾಕು. ಸೀಸ ವಿಷ, ಕೈ ಸೋಪು ಹಾಕಿ ತೊಳೀರಿ. ನನ್ನ ಮುದ್ದೆ ಈಗ ಹಳೇ ಜರ್ದಾ ಡಬ್ಬಿಯಲ್ಲಿದೆ, ಜೊತೆಗೊಂದು ಚೀಟಿ: 31 ಗ್ರಾಂ, ಏಳನೇ ಸಾಲು, ಬಾವಿ ಕಡೆಯಿಂದ ಮೂರನೇ ಕಲ್ಲುಕಂಬ.